ಟ್ಯಾಕ್ಸ್ ಬ್ಯಾರೆ

ನಾನು ತಕ್ಕಡಿ ರಿಪೇರಿಯವ.
ಗದಗಿನ ಎಪಿಎಂಸಿ ಯಾರ್ಡಿನ್ಯಾಗ ಒಂದು ಟೇಬಲ್,
ಐದು ಗ್ರಾಮಿನಿಂದ ಇಪ್ಪತ್ತು ಕಿಲೋತನಕ ತೂಕದ ಕಲ್ಲು.
ಮುಳ್ಳು ನಟ್ಟನಡುವ ನಿಲ್ಲೂತನಕ
ನನಗ ಊಟ ಸೇರೂದಿಲ್ಲ.

ಹಂಗಾಗಿ ನಂದು ಡೆಬಿಟ್ ಕಾರ್ಡು.
ಇದ್ರ ಕೊಡತೈತಿ, ಇಲ್ಲಂದ್ರ ಇಲ್ಲ ಅಂತೈತಿ,
ಅಂಗಡ್ಯಾಗ ನಾಕು ಮಂದಿ ಮುಂದ ಮರ್ಯಾದಿ ಹೋದ್ರೂ
ಸುಳ್ಳ ಹೇಳೂದಿಲ್ಲ.
ಅದಕ್ಕೂ ಪಾಯಿಂಟ್ ಬರ್ತಾವಂತ, ಇನ್ನೂರು ರೂಪಾಯಿಗೆ ಒಂದು.
ಏಳು ವರ್ಷಕ್ಕ ಕೂಡಿದ್ದು ನೋಡಿದೆ:
ಒಂದು ನೀರಿನ ಬಾಟ್ಲಿ.
ಕೊರಿಯರ್ ಖರ್ಚು ನಮ್ದ.

ಇಂದುಮತಿ ನಕ್ಕಳು.
"ನಿಮ್ಮ ಕಾರ್ಡಿಗೆ ಕಾಲಿಲ್ಲ."
ಆಕೀದು ಕ್ರೆಡಿಟ್. ನೀಲಿ ಬಣ್ಣ, ಮೂಲ್ಯಾಗ ಸಣ್ಣದೊಂದು ವಿಮಾನ.
ನೂರಕ್ಕ ನಾಕು ಪಾಯಿಂಟು,
ಐವತ್ತು ದಿವಸ ಪುಕ್ಕಟೆ ಸಾಲ,
ತಾರೀಖು ತಪ್ಪಿತೋ, ಹುಲಿ.

ಬರೇ ನಮ್ಮ ಮನಿ ಖರ್ಚು ನಂಬಿದ್ರ
ಆ ವಿಮಾನ ಮುಳಗುಂದ ದಾಟ್ತಿರಲಿಲ್ಲ.
ಅದಕ್ಕ ಆಕಿ ಬೆಟಗೇರಿ ಓಣಿ ತಿರುಗಿದಳು:
ದಾವಲಸಾಬನ ಆಟೋದ ಇನ್ಶೂರನ್ಸು,
ಫಕ್ಕೀರವ್ವನ ಹೆಸ್ಕಾಂ ಬಿಲ್ಲು,
ಪತ್ತಾರ ಮೌನೇಶಪ್ಪನ ಮಗಳ ನರ್ಸಿಂಗ್ ಫೀ,
ಕಬಾಡಿಯವರ ಹೊಸ ಫ್ರಿಜ್ಜು.
"ರೊಕ್ಕ ನನ್ನ ಕೈಯಾಗ ಕೊಡ್ರಿ, ನಾ ಕಾರ್ಡಿಲೆ ತುಂಬ್ತೀನಿ."
ಮಂದಿಗೆ ಪಾಳಿ ಹಚ್ಚೂದು ತಪ್ಪಿತು.
ಶ್ಯಾವಿಗಿ ಡಬ್ಬಿಯೊಳಗ ನೋಟು,
ಒಂದೊಂದು ಮನೀಗೆ ಒಂದೊಂದು ಬಣ್ಣದ ರಬ್ಬರ್ ಬ್ಯಾಂಡು.

ಶ್ರಾವಣದಾಗ ಮೌನೇಶಪ್ಪ ತಪ್ಪಿಸಿದ.
ಫೀ ತುಂಬಿ ಆಗೇತಿ, ರೊಕ್ಕ ಬಂದಿಲ್ಲ.
"ನಾಳಿ, ಅಕ್ಕಾರ" ಅಂದವ
ನಾಳಿಗೆ ಬಾಗಲಾನ ತಗೀಲಿಲ್ಲ.
ಹದಿನೆಂಟನೇ ತಾರೀಖು, ರಾತ್ರಿ ಹನ್ನೊಂದೂ ನಲವತ್ತು.
ಮೊಬೈಲಿನ ಬೆಳಕಿನ್ಯಾಗ ಆಕಿ ಮಾರಿ
ಜ್ವಾಳದ ಹಿಟ್ಟಿನಂಗ.
ನಾನು ಏನೂ ಕೇಳಲಿಲ್ಲ.
ಕಾರ್ಡ್ ತಗದು ಕೊಟ್ಟೆ. ಪಿನ್ ಹೇಳಾಕ ಬಾಯಿ ತಗದೆ,
"ಗೊತ್ತೈತಿ" ಅಂದಳು.
ಯಾವಾಗಿಂದ ಅಂತ ಕೇಳಬೇಕಿತ್ತು.

ಮೌನೇಶಪ್ಪ ನಾಕು ದಿವಸ ಬಿಟ್ಟು ತಂದುಕೊಟ್ಟ.
ಬಡ್ಡಿ ಅಂತ ಆಕಿ ಮೂಗುಬಟ್ಟು ತಿಕ್ಕಿ
ಹೊಳಪು ಮಾಡಿ ಕೊಟ್ಟ.

ಎರಡು ವರ್ಷಕ್ಕ ಕೂಡಿತು.
ಹುಬ್ಬಳ್ಳಿಯಿಂದ ಮುಂಬೈಗೆ ಸೀಟು.
ಒಂದ.
ಕಡೀಕ ಸ್ಕ್ರೀನಿನ ಮ್ಯಾಲೆ ಸಣ್ಣಕ್ಷರ: ಟ್ಯಾಕ್ಸ್ ಬ್ಯಾರೆ,
ಒಂಬೈನೂರಾ ಹದಿನಾರು.
ಆಕಿ ಕಾರ್ಡಿನ ಮಿತಿಯೆಲ್ಲಾ ಆಗ
ಕಬಾಡಿಯವರ ಫ್ರಿಜ್ಜಿನಾಗ ತಣ್ಣಗ ಕುಂತಿತ್ತು.
ಪುಕ್ಕಟೆ ಪ್ರಯಾಣದ ತೆರಿಗಿ
ಕಾಲಿಲ್ಲದ ಕಾರ್ಡು ಕಟ್ಟಿತು.
ನನಗೂ ನಾಕು ಪಾಯಿಂಟ್ ಬಂದ್ವು.

ನಾನು ಹಿಂದಿನ ದಿವಸನ ಗದಗದಾಗ ರೈಲು ಹತ್ತಿದೆ,
ಸ್ಲೀಪರ್, ಮ್ಯಾಲಿನ ಬರ್ತು, ಬುತ್ತಿಗಂಟು ತಲಿದಿಂಬು.
ನಂದು ಮೊದಲ ರೊಕ್ಕ ಹೋಗತೈತಿ, ಹಿಂದಿಂದ ನಾನು.
ಆಕೀದು ಮೊದಲ ಆಕಿ, ರೊಕ್ಕ ಹಿಂದಿಂದ.
ಆದ್ರೂ ವಿಮಾನ ನಿಲ್ದಾಣದ ಹೊರಗ
ಹೆಸರಿನ ಫಲಕ ಹಿಡದ ಡ್ರೈವರುಗಳ ನಡುವ
ಮೊದಲು ನಿಂತವ ನಾನು,
ಶರ್ಟಿಗೆ ರೈಲಿನ ಕಬ್ಬಿಣದ ವಾಸನಿ.

ಬಂದಳು. ಕಿವ್ಯಾಗ ಇನ್ನೂ ಹತ್ತಿ.
"ಏನ ಕಂಡಿ?"
"ಮೋಡ. ಏರೂವಾಗ ಅಂಜಿಕಿ ಬಂತು,
ಫಕ್ಕೀರವ್ವನ ಕರೆಂಟಿನ ಮ್ಯಾಲೆ ಕುಂತೀನಿ,
ಮುದುಕಿ ಗಟ್ಟಿ ಅದಾಳ, ಬೀಳಸೂದಿಲ್ಲ ಅಂದ್ಕೊಂಡೆ."

ಪರ್ಸಿನಿಂದ ಸಕ್ಕರಿ ಚೀಟಿ ತಗದಳು,
ಚಾ ಜೋಡಿ ಕೊಟ್ಟವು, ಚಾ ಸಪ್ಪಗ ಕುಡದು ಉಳಿಸಿದವು.
ಪಕ್ಕದ ಸೀಟಿನವರೂ ಬ್ಯಾಡಂದಿದ್ದರು.
ದಾವಲಸಾಬಗ, ಮೌನೇಶಪ್ಪಗ, ಫಕ್ಕೀರವ್ವಗ, ಕಬಾಡಿಯವರಿಗೆ.
ಐದನೇದು ನನ್ನ ಅಂಗೈಯಾಗ ಇಟ್ಟಳು.

ಮ್ಯಾಲೆ ಐದು ಗ್ರಾಂ ಅಂತ ಬರದೈತಿ.
ನಾಲ್ಕೂವರಿ ಇರಬೇಕು.
ನಾ ಏನೂ ಅನಲಿಲ್ಲ.